ಹಳದಿ ಹಚ್ಚಿದ ಸಾಲು

ಟೈಪಿಸ್ಟಮ್ಮನ ಹತ್ತಿರ ಅವಸರ ಮಾಡಿಕೊಂಡು ಹೋದವರಿಗೆ ಮೊದಲು ಸಿಗುವುದು ಮೊಕದ್ದಮೆಯಲ್ಲ, ಬೈಗುಳ. ಕೋರ್ಟಿನ ಹಿಂಭಾಗದ ವಕೀಲರ ಲೈಬ್ರರಿಯಲ್ಲಿ, ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಅವಳು ಹತ್ತಕ್ಕೆ ಕೂತರೆ ಏಳುವುದು ಐದಕ್ಕೇ. ಇನ್ನು ಹತ್ತು ನಿಮಿಷಕ್ಕೆ ಕೇಸು ಕೂಗುತ್ತಾರೆ ಅಂತ ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದ ವಕೀಲನಿಗೂ ಅವಳದು ಅದೇ ಮಾತು. "ಕೂತ್ಕೊಳ್ಳಿ. ಉಸಿರು ಬಿಡಿ. ಯಾವ ಕೇಸು ಬೇಕು ಅಂತ ನಿಮಗೇ ಗೊತ್ತಿಲ್ಲ ಅಂದ್ರೆ ಇದಕ್ಕೆ ಹೇಗೆ ಗೊತ್ತಾಗುತ್ತೆ?" ಇದು ಅಂದರೆ ಕಂಪ್ಯೂಟರು.

ಅದರಲ್ಲಿ ಎಪ್ಪತ್ತು ವರ್ಷದ ತೀರ್ಪುಗಳೆಲ್ಲ ಸಿಗುತ್ತವೆ. ವಕೀಲರ ಸಂಘ ವರ್ಷಾವರ್ಷ ಚಂದಾ ಕಟ್ಟುವ ಆನ್‌ಲೈನ್ ಭಂಡಾರ ಅದು. ಒಂದು ಪದ ಹಾಕಿ ಒತ್ತಿದರೆ ಸಾವಿರ ತೀರ್ಪು ಬಂದು ಬೀಳುತ್ತವೆ, ಹುಡುಕಿದ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹಳದಿ ಬಣ್ಣ ಹಚ್ಚಿಕೊಂಡು. ಸಾವಿರ ಬಿದ್ದರೆ ಏನು ಬಂತು ಭಾಗ್ಯ? ಬೇಕಾದ್ದು ಒಂದೋ ಎರಡೋ. ಅದನ್ನು ಹೆಕ್ಕಿ ತೆಗೆಯುವ ಕೈಗುಣ ಟೈಪಿಸ್ಟಮ್ಮನದು. ನಿವೃತ್ತಿಯಾಗುವ ತನಕ ಮೂವತ್ತೊಂದು ವರ್ಷ ಅವಳು ಇದೇ ಕೋರ್ಟಿನಲ್ಲಿ ನ್ಯಾಯಾಧೀಶರು ಹೇಳಿದ್ದನ್ನು ಟೈಪು ಮಾಡಿದವಳು. ಹಾಗಾಗಿ ವಕೀಲರು ಕಾನೂನು ಪುಸ್ತಕದ ಮಾತು ಹಾಕಿ ಹುಡುಕಿದರೆ, ಇವಳು ನ್ಯಾಯಾಧೀಶರ ಬಾಯಲ್ಲಿ ಬರುವ ಮಾತು ಹಾಕಿ ಹುಡುಕುತ್ತಾಳೆ. ಗೋಡೆ ಬಿರುಕು ಬಿಟ್ಟ ಕೇಸು ಬೇಕಾದರೆ ವಕೀಲ "ಕಟ್ಟಡದ ರಚನಾತ್ಮಕ ಹಾನಿ" ಅಂತ ಹಾಕಿ ತಲೆ ಚಚ್ಚಿಕೊಳ್ಳುತ್ತಿರುತ್ತಾನೆ. "ಯಾವ ಜಡ್ಜು ಹಾಗೆ ಮಾತಾಡ್ತಾರೆ ಸ್ವಾಮಿ? ಹೋಗಿ ನೋಡಿದೆ, ಬಿರುಕಿನಲ್ಲಿ ಕೈ ತೂರುತ್ತಿತ್ತು ಅಂತಾರೆ" ಎಂದು ಬಿರುಕು, ಕೈ, ಎರಡೇ ಪದ ಹಾಕಿ, ಅಂಥದೇ ಕೇಸು ತೆಗೆದು ಅವನ ಮುಖಕ್ಕೆ ಹಿಡಿಯುತ್ತಾಳೆ. ಆಮೇಲೆ ಸಂಜೆತನಕ ಅದೇ ಖುಷಿ. ಅವಳಿಗೆ ಜಂಬ ಇಲ್ಲ ಅಂದರೆ ಸುಳ್ಳಾಗುತ್ತದೆ. ಇದೆ, ಧಾರಾಳವಾಗಿಯೇ ಇದೆ.

ಹೊಸಬರಿಗೆಲ್ಲ ಅವಳು ಕಿವಿ ಹಿಂಡಿ ಹೇಳುವ ಬುದ್ಧಿಮಾತು ಒಂದೇ. ಹಳದಿ ನೋಡಿ ಮರುಳಾಗಬೇಡಿ, ಮೊದಲಿಂದ ಓದಿ. ಏಕೆಂದರೆ ತೀರ್ಪು ಬರೆಯುವ ಕ್ರಮವೇ ಹಾಗೆ. ಮೊದಲು ಈ ಕಡೆಯ ವಕೀಲ ಏನಂದ, ಆ ಕಡೆಯವನು ಏನಂದ ಅಂತ ನ್ಯಾಯಾಧೀಶರು ಪುಟಗಟ್ಟಲೆ ಬರೆಸುತ್ತಾರೆ. ತಮ್ಮ ಅಭಿಪ್ರಾಯ ಬರೋದು ಕೊನೆಗೆ. ನಡುವಿನ ಹಳದಿ ಸಾಲು ಮಾತ್ರ ಓದಿದವನು ಸೋತ ವಕೀಲನ ವಾದವನ್ನೇ ತೀರ್ಪು ಅಂದುಕೊಂಡು ಬರೆದುಕೊಂಡು ಹೋಗುತ್ತಾನೆ. ಹಿಂದೊಮ್ಮೆ ಹೆಸರುವಾಸಿ ವಕೀಲರೊಬ್ಬರು ಅಂಥ ಸಾಲನ್ನು ತುಂಬಿದ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದರು. "ಚೆನ್ನಾಗಿದೆ, ಮುಂದಿನ ಪುಟ ಓದಿ" ಅಂದರು ನ್ಯಾಯಾಧೀಶರು. ಮುಂದಿನ ಪುಟದ ಮೊದಲ ಸಾಲು, "ಈ ವಾದದಲ್ಲಿ ಹುರುಳಿಲ್ಲ." ಆ ಕಥೆಯನ್ನು ಟೈಪಿಸ್ಟಮ್ಮ ಎಷ್ಟು ಸಲ ಹೇಳಿದ್ದಾಳೋ, ಪ್ರತಿ ಸಲವೂ ತಾನೇ ಮೊದಲು ನಗುತ್ತಾಳೆ.

ಮನೆಯಲ್ಲಿ ಇರೋದು ಇಬ್ಬರೇ, ಅವಳು ಮತ್ತು ಅವಳ ತಮ್ಮನ ಮಗಳು. ಮೂರನೇ ಮಹಡಿ, ಎರಡು ಕೋಣೆ, ಲಿಫ್ಟಿಲ್ಲ. ತಮ್ಮನ ಮಗಳಿಗೆ ಈಗ ಮೂವತ್ತು, ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ಮುಗಿಯದ್ದನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಉಜ್ಜುತ್ತಾ ಕೂರುತ್ತಾಳೆ.

"ಊಟದ ಹೊತ್ತಿಗೆ ಯಾರದೋ ಬಾಯಿ ನಮ್ಮ ತಟ್ಟೆ ಪಕ್ಕ" ಅಂತ ಟೈಪಿಸ್ಟಮ್ಮ ಗೊಣಗುತ್ತಾಳೆ.

"ನೀನು ಊರವರ ಜಗಳವನ್ನೆಲ್ಲ ಹೊತ್ಕೊಂಡು ಬರ್ತೀಯಲ್ಲ ಅತ್ತೆ, ನಾನು ಬರೀ ಹಲ್ಲು ತರ್ತೀನಿ. ಇವಾದ್ರೆ ಮಾತಾಡಲ್ಲ."

ತಾಯಿ ತೀರಿಕೊಂಡಾಗ ಹುಡುಗಿಗೆ ನಾಲ್ಕು ವರ್ಷ. ದೂರದ ಊರಲ್ಲಿ ಕೆಲಸ, ಮೂರು ತಿಂಗಳು ನೋಡ್ಕೋ ಅಕ್ಕಾ ಅಂತ ತಮ್ಮ ತಂದು ಬಿಟ್ಟ. ಮೂರು ತಿಂಗಳು ಇಪ್ಪತ್ತಾರು ವರ್ಷವಾಯಿತು. ಅವನು ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾನೆ, ಮಗಳ ಹತ್ತಿರ ಹಲ್ಲುನೋವಿನ ವಿಷಯ ಮಾತಾಡಿ ಇಡುತ್ತಾನೆ.

ಕೋರ್ಟಿನ ಗೇಟಿನೆದುರು, ಮೆಟ್ಟಿಲ ಕೆಳಗೆ ಒಂದು ಇಸ್ತ್ರಿ ಅಂಗಡಿಯಿದೆ. ಅಂಗಡಿ ಅನ್ನೋದು ಗೌರವಕ್ಕೆ, ಇಬ್ಬರು ನಿಂತರೆ ಮೂರನೆಯವರು ಬೀದಿಗೆ. ಅಲ್ಲಿ ವಕೀಲರ ಕರಿಕೋಟುಗಳನ್ನು ಇಸ್ತ್ರಿ ಮಾಡುವವಳೂ ಒಬ್ಬ ಅತ್ತೆಯೇ. ತಮ್ಮನ ಹೆಂಡತಿ ಹೆರಿಗೆಯಾದ ಮರುವರ್ಷವೇ ತೀರಿಕೊಂಡಳು, ಹನ್ನೊಂದು ತಿಂಗಳ ಹೆಣ್ಣುಮಗು ಇವಳ ಮಡಿಲಿಗೆ ಬಿತ್ತು. ಆ ಮಗುವಿಗೆ ಈಗ ಒಂಬತ್ತು, ಬೀದಿಯವರೆಲ್ಲ ಕರೆಯೋದು ಚೂಟಿ ಅಂತ. ಶಾಲೆ ಬಿಟ್ಟ ಮೇಲೆ ಇಸ್ತ್ರಿ ಮೇಜಿನ ತುದಿಯಲ್ಲಿ ಪುಸ್ತಕ ಬಿಡಿಸಿಕೊಂಡು ಕೂತು, ಯಾವ ಕೋಟು ಯಾವ ವಕೀಲರದು ಅಂತ ವಾಸನೆಯಲ್ಲೇ ಹೇಳುತ್ತಾಳೆ. ಟೈಪಿಸ್ಟಮ್ಮನಿಗೆ ಈ ಇಬ್ಬರನ್ನು ಕಂಡರೆ ಎಲ್ಲಿಲ್ಲದ ಅಕ್ಕರೆ. ಯಾಕೆ ಅಂತ ಯಾರೂ ಹೇಳಬೇಕಾಗಿಲ್ಲ.

ಒಂದು ದಿನ ಇಸ್ತ್ರಿಯವಳು ಲೈಬ್ರರಿಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಕೋರ್ಟಿನ ನೋಟೀಸು. ಅವಳ ತಮ್ಮ ಮತ್ತೆ ಮದುವೆಯಾಗಿದ್ದ, ಒಳ್ಳೆ ಕೆಲಸ ಸಿಕ್ಕಿತ್ತು, ಮನೆ ಮಾಡಿದ್ದ, ಮಗಳು ತನಗೆ ಬೇಕು ಅಂತ ಅರ್ಜಿ ಹಾಕಿದ್ದ.

"ಕೆಟ್ಟವನಲ್ಲಮ್ಮ ಅವನು. ಅವನನ್ನೂ ಎತ್ತಿ ಆಡಿಸಿದವಳು ನಾನೇ" ಅಂದಳು. "ಕೊಡು ಅಂತ ಬಾಯಿಬಿಟ್ಟು ಎರಡು ಸಲ ಕೇಳಿದ. ನಂಗೆ ಕೊಡಕ್ಕಾಗ್ಲಿಲ್ಲ. ಈಗ ಕೋರ್ಟು ಕೊಡು ಅಂದ್ರೆ?"

"ಅನ್ನಲ್ಲ" ಅಂದಳು ಟೈಪಿಸ್ಟಮ್ಮ, ಕಡ್ಡಿ ಮುರಿದ ಹಾಗೆ. "ಇಂಥದೇ ಕೇಸು ನಾನೇ ಟೈಪು ಮಾಡಿದ್ದೀನಿ. ಸೋದರತ್ತೆ ಗೆದ್ದಳು. ಜಡ್ಜು ಎಂಥ ಮಾತು ಬರೆಸಿದ್ರು ಗೊತ್ತಾ? ಮಗು ಅಂದರೆ ಸಾಮಾನಿನ ಕೋಣೆಯಲ್ಲಿ ಇಟ್ಟುಹೋದ ಪೆಟ್ಟಿಗೆಯಲ್ಲ, ಬೇಕಾದಾಗ ಚೀಟಿ ತೋರಿಸಿ ವಾಪಸು ತೆಗೆದುಕೊಂಡು ಹೋಗುವುದಕ್ಕೆ. ಆ ಸಾಲು ಟೈಪು ಮಾಡುವಾಗ ನನ್ನ ಕಣ್ಣು ಮಂಜಾಗಿತ್ತು. ಅದನ್ನ ಹುಡುಕಿ ಕೊಡೋದು ನನ್ನ ಜವಾಬ್ದಾರಿ. ನೀನು ನಿಶ್ಚಿಂತೆಯಿಂದ ಹೋಗು."

ಇಸ್ತ್ರಿಯವಳು ಆ ಮಾತನ್ನು ನಂಬಿಕೊಂಡು ಹೋದಳು. ಅವಳ ಕೇಸು ಹಿಡಿದವಳು ಎರಡು ವರ್ಷದ ಹಿಂದೆ ಕೋಟು ಹಾಕಿಕೊಂಡ ಹುಡುಗಿ, ಎಲ್ಲರ ಬಾಯಲ್ಲಿ ಲಾಯರಮ್ಮ. ಲಾಯರಮ್ಮನೂ ಆ ಮಾತನ್ನೇ ನಂಬಿದಳು. ಲಿಖಿತ ವಾದದ ಮೊದಲ ಪುಟದಲ್ಲಿ ಆ ಸಾಲಿಗೆ ಜಾಗ ಬಿಟ್ಟು, ಉಳಿದದ್ದನ್ನೆಲ್ಲ ಬರೆದಿಟ್ಟಳು. ವಿಚಾರಣೆ ಸೋಮವಾರಕ್ಕಿತ್ತು.

ಹುಡುಕುವುದು ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದಳು ಟೈಪಿಸ್ಟಮ್ಮ. ಅಲ್ಲ. ಮಕ್ಕಳ ಮೊಕದ್ದಮೆಗಳಲ್ಲಿ ಹೆಸರು ಮುಚ್ಚಿಡುತ್ತಾರೆ, ಬರೀ ಒಂದೊಂದು ಅಕ್ಷರ. ಹೆಸರು ಹಿಡಿದು ಹುಡುಕುವ ದಾರಿ ಅಲ್ಲಿಗೆ ಬಂದ್. ಪೆಟ್ಟಿಗೆ, ಚೀಟಿ ಅಂತ ಹಾಕಿದರೆ ಚುನಾವಣೆಯ ತಕರಾರುಗಳು ಸಾಲುಗಟ್ಟಿ ಬಂದವು, ಮತಪೆಟ್ಟಿಗೆ, ಮತಚೀಟಿ. ಪೆಟ್ಟಿಗೆ, ಮಗು ಅಂತ ಹಾಕಿದರೆ ರೈಲಿನಲ್ಲಿ ಸಾಮಾನು ಕಳೆದುಕೊಂಡ ಒಂದು ಸಂಸಾರದ ಕೇಸು ಬಂತು, ಅದೂ ಸಾಮಾನು ಹೊರುವ ಕೂಲಿಯವನ ಮೇಲೆ ಹಾಕಿದ್ದು. ಇಸವಿ ಸರಿಯಾಗಿ ನೆನಪಿಲ್ಲ. ಆ ನ್ಯಾಯಾಧೀಶರಿಗೆ ನೆಗಡಿಯಾಗಿತ್ತು, ಸಾಲಿಗೊಮ್ಮೆ ಸೀನುತ್ತಿದ್ದರು ಅನ್ನೋದು ನೆನಪಿದೆ, ಆದರೆ ಸೀನನ್ನು ಹಾಕಿ ಹುಡುಕಕ್ಕಾಗುತ್ತಾ? ಲಾಯರಮ್ಮ ದಿನಕ್ಕೆರಡು ಸಲ ಬಂದು ಇಣುಕುವಳು. "ಸಿಕ್ತಾಮ್ಮ?" "ಸಿಗುತ್ತೆ, ತಲೆ ತಿನ್ನಬೇಡ."

ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ತಟ್ಟನೆ ಹೊಳೆಯಿತು. ಪೆಟ್ಟಿಗೆ ಅಲ್ಲ, ಟ್ರಂಕು. ಟ್ರಂಕು, ಸೋದರತ್ತೆ. ಒಂಬತ್ತೇ ಒಂಬತ್ತು ತೀರ್ಪು ಬಂದವು. ನಾಲ್ಕನೆಯದನ್ನು ಬಿಚ್ಚಿದರೆ, ಅಗೋ, ಇಪ್ಪತ್ತೊಂದು ವರ್ಷದ ಹಿಂದೆ ತನ್ನ ಬೆರಳೇ ಕುಟ್ಟಿದ ಸಾಲು ಹಳದಿ ಹಚ್ಚಿಕೊಂಡು ಕೂತಿತ್ತು. ಮಗು ಎಂದರೆ ಟ್ರಂಕಲ್ಲ. ಇಣುಕಲು ಬಂದ ಲಾಯರಮ್ಮ ಅವಳ ಕೆನ್ನೆ ಹಿಂಡಿ, ಸಾಲನ್ನೂ ಕೇಸಿನ ಸಂಖ್ಯೆಯನ್ನೂ ಬರೆದುಕೊಂಡು, ಪುಟ ತಿದ್ದಿ, ಐದರೊಳಗೆ ಕೊಟ್ಟುಬಿಡ್ತೀನಿ ಅಂತ ದಾಖಲೆ ಒಪ್ಪಿಸುವ ಕೌಂಟರಿಗೆ ಓಡಿದಳು.

ಟೈಪಿಸ್ಟಮ್ಮ ಒಬ್ಬಳೇ ಉಳಿದಳು. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ಇನ್ನು ಆರಾಮಾಗಿ ಸವಿಯೋಣ ಅಂತ ತೀರ್ಪನ್ನು ಮೊದಲಿಂದ ಓದಲು ಹಿಡಿದಳು. ಏಳನೇ ಪುಟಕ್ಕೆ ಬಂದಳು, ಸಾಲು ಬಂತು. ಸಾಲು ಮುಗಿದ ಮೇಲೆ ಇನ್ನೊಂದು ತುಂಡಿತ್ತು. "ಎಂದು ಸೋದರತ್ತೆಯ ಪರ ವಕೀಲರು ಭಾವುಕರಾಗಿ ವಾದಿಸಿದರು."

ಆ ತುಂಡನ್ನು ಇನ್ನೊಮ್ಮೆ ಓದಿದಳು. ಪುಟ ಉರುಳಿಸಿದಳು. ಹತ್ತು, ಹನ್ನೊಂದು. "ಈ ವಾದ ಮನಮುಟ್ಟುವಂತಿದ್ದರೂ ಒಪ್ಪತಕ್ಕದ್ದಲ್ಲ. ಮಗುವನ್ನು ತಂದೆಯ ವಶಕ್ಕೆ ಒಪ್ಪಿಸತಕ್ಕದ್ದು." ಕೊನೆಯಲ್ಲಿ ನ್ಯಾಯಾಧೀಶರ ಸಹಿ, ಅದರ ಕೆಳಗೆ ಎಡಮೂಲೆಯಲ್ಲಿ ಟೈಪು ಮಾಡಿದವರ ಗುರುತು. ಅವಳದೇ.

ಇಪ್ಪತ್ತೊಂದು ವರ್ಷ ಆ ಮಗು ಅತ್ತೆಯ ಹತ್ತಿರವೇ ಉಳಿಯಿತು ಅಂತ ಅವಳು ನಂಬಿದ್ದಳು. ಬೇಜಾರಾದಾಗೆಲ್ಲ ಆ ಕೇಸನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಂಡಿದ್ದಳು. ಒಪ್ಪಿಸತಕ್ಕದ್ದು ಅಂತ ಕುಟ್ಟಿದ್ದೂ ಇದೇ ಬೆರಳು, ಅದು ಮಾತ್ರ ನೆನಪಿನಿಂದ ಜಾರಿಹೋಗಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳು ತನ್ನ ತಲೆಯೊಳಗಿನ ಹಳದಿ ಸಾಲನ್ನು ಮೇಲೆ ಕೆಳಗೆ ಓದಿರಲೇ ಇಲ್ಲ.

ನಾಲ್ಕು ಮುಕ್ಕಾಲು. ಮಂಡಿನೋವನ್ನು ಮರೆತು ಕಾರಿಡಾರಿನಲ್ಲಿ ಓಡಿದಳು. ಕೌಂಟರಿನ ಸಾಲಿನಲ್ಲಿ ಲಾಯರಮ್ಮನ ಮುಂದೆ ಇಬ್ಬರಿದ್ದರು.

"ಅದನ್ನ ಕೊಡಬೇಡ" ಅಂದಳು ಏದುಸಿರು ಬಿಡುತ್ತಾ. "ಅದು ಜಡ್ಜು ಹೇಳಿದ್ದಲ್ಲ. ಸೋತ ವಕೀಲ ಹೇಳಿದ್ದು. ಮಗೂನ ಅಪ್ಪನಿಗೇ ಕೊಟ್ಟಿದ್ದಾರೆ."

ಲಾಯರಮ್ಮ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು, ಅವಳನ್ನು ನೋಡಿದಳು. "ಗೆದ್ದಳು ಅಂದ್ರಲ್ಲಮ್ಮ."

"ಅಂದೆ. ತಪ್ಪಾಯ್ತು."

ಸಾಲಿನಲ್ಲಿದ್ದ ಒಬ್ಬ ಹಳೇ ವಕೀಲ ಮುಸಿಮುಸಿ ನಕ್ಕ. ನಗಲಿ ಬಿಡಿ, ಅವನ ಪಾಲಿಗೂ ಒಂದು ದಿನ ಬರುತ್ತೆ. ಟೈಪಿಸ್ಟಮ್ಮನಿಗೆ ಅದು ಕಿವಿಗೂ ಬೀಳಲಿಲ್ಲ. ಅವಳಿಗೆ ಮೆಟ್ಟಿಲ ಕೆಳಗಿನ ಅಂಗಡಿಯದೇ ಯೋಚನೆಯಾಗಿತ್ತು.

ಹೇಳದೆ ತಪ್ಪಿಸಿಕೊಂಡು ಹಿಂಬಾಗಿಲಿನಿಂದ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ಅಷ್ಟರ ಮಟ್ಟಿಗೆ ಅವಳನ್ನು ಮೆಚ್ಚಬೇಕು. ಗೇಟು ದಾಟಿ ಹೋಗಿ, ಮೇಜಿನ ಈಚೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಚೂಟಿ ಪಕ್ಕದಂಗಡಿಗೆ ದಾರದುಂಡೆ ತರಲು ಹೋಗಿದ್ದಳು. ಇಸ್ತ್ರಿಯವಳು ಕೋಟಿನ ತೋಳನ್ನು ಒತ್ತುತ್ತಲೇ ಕೇಳಿಸಿಕೊಂಡಳು.

"ಹಾಗಾದ್ರೆ ಆ ಮಗು ಹೋಯ್ತಾ?"

"ಹೋಯ್ತು."

"ಆ ಅತ್ತೆ?"

"ಗೊತ್ತಿಲ್ಲಮ್ಮ. ತೀರ್ಪಿನಲ್ಲಿ ಅದನ್ನೆಲ್ಲ ಬರೆಯಲ್ಲ."

ಇಸ್ತ್ರಿಯವಳು ಬೈಯಲಿಲ್ಲ. ಬೈದಿದ್ದರೆ ಟೈಪಿಸ್ಟಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, "ನಿಮ್ಮ ಮಾತು ನಂಬ್ಕೊಂಡು ಈ ವಾರ ಹೊಟ್ಟೆತುಂಬ ಉಂಡಿದ್ದೆ" ಅಂದಳು, ಅಷ್ಟೇ.

ಟೈಪಿಸ್ಟಮ್ಮ ಮನೆಗೆ ಬಂದು ಸೀರೆ ಬದಲಾಯಿಸದೆ ಕುರ್ಚಿಯಲ್ಲಿ ಕುಸಿದಳು. ತಮ್ಮನ ಮಗಳು ಮೇಜಿನ ಮೇಲೆ ಕೆಳದವಡೆಯ ಸೆಟ್ಟೊಂದನ್ನು ಉಜ್ಜುತ್ತಿದ್ದಳು. ಅತ್ತೆ ಬಂದೊಡನೆ ಗೊಣಗಲಿಲ್ಲ ಅಂದರೆ ಏನೋ ಎಡವಟ್ಟಾಗಿದೆ ಅಂತ ಅವಳಿಗೆ ಗೊತ್ತು. ಕೇಳಿದಳು. ಟೈಪಿಸ್ಟಮ್ಮ ಹೇಳಿದಳು.

"ಯಾವ ವರ್ಷದ ಕೇಸು ಅದು?"

"ಇಪ್ಪತ್ತೊಂದು ವರ್ಷವಾಯ್ತು."

ಹುಡುಗಿ ಉಜ್ಜುವುದನ್ನು ನಿಲ್ಲಿಸಿದಳು. "ಅಪ್ಪ ನನ್ನ ಕರ್ಕೊಂಡು ಹೋಗಕ್ಕೆ ಬಂದಿದ್ದ ವರ್ಷ."

ಟೈಪಿಸ್ಟಮ್ಮ ಮುಖ ಆಚೆ ತಿರುಗಿಸಿದಳು. ನಿಜ. ಅದೇ ತಿಂಗಳು. ತಮ್ಮ ಬಂದು ಎರಡು ದಿನ ಇದ್ದ, ಈಗ ಮನೆ ಸಿಕ್ಕಿದೆ ಅಕ್ಕಾ, ಕರ್ಕೊಂಡು ಹೋಗ್ತೀನಿ ಅಂದ. ಪರೀಕ್ಷೆ ಮುಗೀಲಿ ಅಂದಳು. ಪರೀಕ್ಷೆ ಮುಗಿಯಿತು. ಶಾಲೆ ಬದಲಾದ್ರೆ ಕಷ್ಟ, ಇನ್ನೊಂದು ವರ್ಷ ಅಂದಳು. ಅವನು ಮೂರನೇ ಸಲ ಕೇಳಲೇ ಇಲ್ಲ. ಆ ದಿನಗಳಲ್ಲೇ ನೆಗಡಿಯ ನ್ಯಾಯಾಧೀಶರು ಆ ತೀರ್ಪನ್ನು ಬರೆಸಿದ್ದರು. ತನಗೆ ಬೇಕಾದ ಒಂದು ಸಾಲನ್ನು ಅದರಿಂದ ಕಿತ್ತುಕೊಂಡು ಮನೆಗೆ ತಂದಿದ್ದಳು, ಉಳಿದದ್ದನ್ನು ಅಲ್ಲೇ ಬಿಟ್ಟು.

"ಆಗ ನನ್ನನ್ನ ಯಾಕೆ ಕೇಳ್ಲಿಲ್ಲ ಅತ್ತೆ?" ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನೂ ಕೇಳ್ಲಿಲ್ಲ, ಅಪ್ಪನೂ ಕೇಳ್ಲಿಲ್ಲ. ನಾನು ಪಕ್ಕದ ಕೋಣೇಲೇ ಇದ್ದೆ."

"ನೀನು ಒಂಬತ್ತು ವರ್ಷದವಳು."

"ಒಂಬತ್ತು ವರ್ಷದವರಿಗೆ ಬಾಯಿರಲ್ವಾ?"

ಎಂಥೆಂಥ ವಕೀಲರ ಬಾಯಿ ಮುಚ್ಚಿಸಿದವಳು ಸುಮ್ಮನೆ ಎದ್ದು ಹೋಗಿ ಮುಖ ತೊಳೆದುಕೊಂಡಳು.

ಮರುದಿನ ಶನಿವಾರ, ಲೈಬ್ರರಿಗೆ ಅರ್ಧ ದಿನ. ಬಾಗಿಲು ತೆಗೆಯುವವನಿಗಿಂತ ಮುಂಚೆ ಹೋಗಿ ನಿಂತಿದ್ದಳು. ಮೊದಲು ಆ ಹಳೇ ತೀರ್ಪನ್ನೇ ಇನ್ನೊಮ್ಮೆ ಓದಿದಳು, ಒಂದಕ್ಷರ ಬಿಡದೆ. ಒಂಬತ್ತನೇ ಪುಟದಲ್ಲಿ ಇತ್ತು. "ಮಗುವಿಗೆ ಎರಡೂವರೆ ವರ್ಷ. ಅದರ ಇಚ್ಛೆಯನ್ನು ಕೇಳಿ ತಿಳಿಯುವಂತಿಲ್ಲ." ಅಂದರೆ ಕೇಳುವಂಥ ವಯಸ್ಸಾಗಿದ್ದರೆ ಕೇಳುತ್ತಿದ್ದರು ಅಂತ ತಾನೇ? ಹಾಗೆ ಕೇಳಿದ ಕೇಸುಗಳು ಬೇಕು. ಕಣ್ಣು ಮುಚ್ಚಿ ಕೂತಳು. ಮಗುವನ್ನು ಒಳಗೆ ಕರೆದು ಮಾತಾಡಿಸಿ ಬಂದ ಮೇಲೆ ನ್ಯಾಯಾಧೀಶರು ಏನಂತ ಬರೆಸುತ್ತಾರೆ? ಯಾರೇ ಆಗಲಿ, ಅವರ ಮೊದಲ ಮಾತು ಒಂದೇ. "ಮಗು ಚುರುಕಾಗಿದ್ದು, ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸಿತು." ತಡವರಿಸದೆ, ಮಗು ಅಂತ ಹಾಕಿದಳು. ಹದಿನಾಲ್ಕು ಬಂದವು.

ಹದಿನಾಲ್ಕನ್ನೂ ತಲೆಯಿಂದ ಬುಡದ ತನಕ ಓದಿದಳು. ಬಾಗಿಲು ಹಾಕುವವನು ಎರಡು ಸಲ ಬಂದು ಬೀಗದ ಕೈ ಗಲಗಲ ಅನ್ನಿಸಿದ, ಎರಡು ಸಲವೂ ಅವನನ್ನು ಕಣ್ಣಲ್ಲೇ ಓಡಿಸಿದಳು. ಕೊನೆಗೆ ಐದು ತೀರ್ಪು ಉಳಿದವು, ಎಲ್ಲದರಲ್ಲೂ ಎಂಟು ದಾಟಿದ ಮಕ್ಕಳು. ಮಧ್ಯಾಹ್ನ ಬಂದ ಲಾಯರಮ್ಮ ಅವನ್ನು ತಿರುವಿ ನೋಡಿ ಹುಬ್ಬು ಗಂಟಿಕ್ಕಿದಳು.

"ಇದರಲ್ಲಿ ಎರಡು ಮಕ್ಕಳು ಅಪ್ಪ ಬೇಕು ಅಂದಿವೆ. ಇವು ನಮಗೇ ತಿರುಗುಬಾಣ ಅಲ್ವಾ?"

"ಆಗಲಿ, ಅವನ್ನೂ ಕೊಡು. ಟ್ರಂಕಿನ ಕೇಸನ್ನೂ ಕೊಡು, ನಮಗೆ ವಿರುದ್ಧ ಇದೆ ಅಂತ ಹೇಳಿಯೇ ಕೊಡು. ಯಾರು ಗೆದ್ದರು ಅನ್ನೋದು ಬೇಡ. ಮಗೂನ ಕೇಳಿದ್ದಾರೆ, ಅಷ್ಟು ಸಾಕು. ಈ ಮಗೂನೂ ಕೇಳಲಿ."

ಇಸ್ತ್ರಿಯವಳನ್ನು ಒಪ್ಪಿಸುವುದೇ ಕಷ್ಟವಾಯಿತು. "ಕೇಳಿದ್ರೆ ಅಪ್ಪ ಅಂದ್ಬಿಟ್ರೆ?" ಅಂದಳು. "ಅವನು ಬಂದಾಗೆಲ್ಲ ಬಣ್ಣದ ಪೆನ್ಸಿಲು ತರ್ತಾನೆ. ಮಕ್ಕಳ ಮನಸ್ಸು."

"ಅಂದ್ರೆ ಅಂದ್ಲು" ಅಂದಳು ಟೈಪಿಸ್ಟಮ್ಮ. "ನಾನು ಕೇಳದೆ ಇಟ್ಕೊಂಡವಳು ಕಣಮ್ಮ. ಇಪ್ಪತ್ತೊಂದು ವರ್ಷ ಆದ್ರೂ ಇವತ್ತಿಗೂ ಅದು ನನ್ನನ್ನ ಕೊರೀತಿದೆ. ನಿಂಗೆ ಅದು ಬೇಡ."

ಇಸ್ತ್ರಿಯವಳು ಚೂಟಿಯ ಶಾಲೆ ಅಂಗಿಯನ್ನು ಎಳೆದುಕೊಂಡು, ಸೋಮವಾರಕ್ಕೆ ಅಂತ ಇಸ್ತ್ರಿ ಮಾಡತೊಡಗಿದಳು. ಅದೇ ಅವಳ ಒಪ್ಪಿಗೆ.

ಸೋಮವಾರ ಟೈಪಿಸ್ಟಮ್ಮ ಕೋರ್ಟಿನ ಕೊನೇ ಬೆಂಚಿನಲ್ಲಿ ಕೂತಿದ್ದಳು. ಈಗಿನ ನ್ಯಾಯಾಧೀಶೆ ಐವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಆ ಕಡೆ ಚೂಟಿಯ ಅಪ್ಪ ನಿಂತಿದ್ದ. ಅವನ ಅಂಗಿ ಮುದ್ದೆಯಾಗಿತ್ತು. ಇಸ್ತ್ರಿಯವಳು ಇಡೀ ಹೊತ್ತು ಆ ಅಂಗಿಯನ್ನೇ ನೋಡುತ್ತಿದ್ದಳು, ಒಂದು ನಿಮಿಷ ಬಿಚ್ಚಿ ಕೊಡೋ ಅಂತ ಎಲ್ಲಿ ಕೇಳಿಬಿಡುತ್ತಾಳೋ ಅನ್ನುವ ಹಾಗೆ. ಲಾಯರಮ್ಮ ಎದ್ದು ನಿಂತು ಆರು ತೀರ್ಪು ಮುಂದಿಟ್ಟಳು. "ಇದರಲ್ಲಿ ಮೊದಲನೆಯದು ನಮಗೆ ವಿರುದ್ಧವಾಗಿದೆ" ಅಂತಲೇ ಶುರು ಮಾಡಿದಳು. ನ್ಯಾಯಾಧೀಶೆ ಕನ್ನಡಕದ ಮೇಲಿಂದ ಒಮ್ಮೆ ಅವಳನ್ನು ನೋಡಿದರು. ಎಲ್ಲವನ್ನೂ ಕೇಳಿ ಮುಗಿಸಿ, ಅಪ್ಪನ ಕಡೆಯ ವಕೀಲರನ್ನೂ ಕೇಳಿ, ಎದ್ದು ನಿಂತರು. "ಹುಡುಗಿಯನ್ನು ಒಳಗೆ ಕಳಿಸಿ. ಬೇರೆ ಯಾರೂ ಬೇಡ."

ಚೂಟಿ ಹೋದಳು. ಬಾಗಿಲು ಮುಚ್ಚಿತು. ಇಪ್ಪತ್ತು ನಿಮಿಷ ಅಂದರೆ ಎಷ್ಟು ಉದ್ದ ಅಂತ ಆ ದಿನ ಅಲ್ಲಿದ್ದವರನ್ನು ಕೇಳಬೇಕು. ಇಸ್ತ್ರಿಯವಳು ಸೆರಗಿನ ತುದಿಯನ್ನು ಮಡಿಸಿ ಒತ್ತಿ, ಬಿಚ್ಚಿ, ಮತ್ತೆ ಮಡಿಸಿ ಒತ್ತುತ್ತಿದ್ದಳು. ಅಪ್ಪ ಗೋಡೆಗೆ ಒರಗಿ ನಿಂತಿದ್ದ. ಅಕ್ಕನ ಕಡೆ ಒಂದು ಹೆಜ್ಜೆ ಇಟ್ಟು ವಾಪಸು ಹೋದ.

ನ್ಯಾಯಾಧೀಶೆ ಬಂದು ಕೂತು, ಟೈಪು ಮಾಡುವ ಹುಡುಗನಿಗೆ ಆದೇಶ ಬರೆಸತೊಡಗಿದರು. "ಮಗು ಚುರುಕಾಗಿದ್ದು, ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸಿತು." ಕೊನೇ ಬೆಂಚಿನಲ್ಲಿ ಟೈಪಿಸ್ಟಮ್ಮನ ಬೆರಳುಗಳು ತೊಡೆಯ ಮೇಲೆ ತಾವೇ ಕುಟ್ಟಿಕೊಂಡವು. ಆಮೇಲೆ ನ್ಯಾಯಾಧೀಶೆ ಒಂದು ಕ್ಷಣ ತಡೆದು, "ಇನ್ನು ಹೇಳೋದನ್ನ ಒಂದಕ್ಷರ ತಿದ್ದದೆ ಹಾಕಿ, ಇದು ಮಗುವಿನ ಮಾತು" ಅಂದರು.

"ಅಪ್ಪ ಒಳ್ಳೆಯವರು. ಚಿಕ್ಕಮ್ಮನೂ ಒಳ್ಳೆಯವರು. ರಜೆ ದಿನ ಅಲ್ಲಿಗೆ ಹೋಗಿ ಬರ್ತೀನಿ. ಇರೋದು ಅತ್ತೆ ಮನೇಲಿ. ನಾನಿಲ್ಲದೆ ಅಪ್ಪನಿಗೆ ನಿದ್ದೆ ಬರುತ್ತೆ. ಅತ್ತೆಗೆ ಬರಲ್ಲ."

ಟೈಪು ಮಾಡುವ ಹುಡುಗ ಕೊನೆಯ ಪದ ಕುಟ್ಟಿ ಮುಗಿಸಿದ. ನ್ಯಾಯಾಧೀಶೆ ಅಪ್ಪನನ್ನು ನೋಡಿದರು. "ಇದಕ್ಕೆ ನೀವೇನಾದರೂ ಹೇಳಬೇಕಾ?" ಅವನ ವಕೀಲ ಏಳಹೋದ. ಅವನು ವಕೀಲನ ತೋಳು ಹಿಡಿದು ಕೂರಿಸಿದ. "ನಿಜ ಹೇಳಿದಾಳೆ ಮೇಡಂ" ಅಂದ. "ನಂಗೆ ನಿದ್ದೆ ಬರುತ್ತೆ." ಹಾಗೆ ಹೇಳಿ ಕಣ್ಣೊರೆಸಿಕೊಂಡ. ಇಸ್ತ್ರಿಯವಳು ಎದ್ದು ಹೋಗಿ, ಕೋರ್ಟು ಅನ್ನೋದನ್ನೂ ನೋಡದೆ, ತಮ್ಮನ ಅಂಗಿಯ ಕಾಲರನ್ನು ಸರಿಮಾಡಿದಳು.

ಮಗು ಅತ್ತೆಯ ಹತ್ತಿರವೇ ಇರಲಿ ಅನ್ನುವ ಆದೇಶ ವಾರ ಕಳೆದು ಭಂಡಾರಕ್ಕೆ ಬಂತು. ಹೆಸರುಗಳಿರಲಿಲ್ಲ, ಬರೀ ಅಕ್ಷರಗಳು. ಟೈಪಿಸ್ಟಮ್ಮ ಅದನ್ನು ತೆಗೆದು, ಮೊದಲನೇ ಸಾಲಿಂದ ಕೊನೇ ಸಾಲಿನ ತನಕ ಓದಿ, ಒಂದು ಪ್ರತಿ ಮುದ್ರಿಸಿ ಮನೆಗೆ ಒಯ್ದಳು. ಊಟದ ಮೇಜಿನಲ್ಲಿ, ಯಾರದೋ ಹಲ್ಲುಗಳ ಪಕ್ಕದಲ್ಲಿ, ತಮ್ಮನ ಮಗಳಿಗೆ ಆ ಮಾತನ್ನು ಓದಿ ಹೇಳಿದಳು. ಹೇಳಿ, ಹಾಳೆ ಮಡಿಸಿ, ಇಷ್ಟು ದಿನ ಬಾಯಿಗೆ ಬಂದು ವಾಪಸು ಹೋಗುತ್ತಿದ್ದದ್ದನ್ನು ಕೇಳಿಯೇಬಿಟ್ಟಳು.

"ಆಗ ನಿನ್ನನ್ನ ಕೇಳಿದ್ರೆ ಏನಂತಿದ್ದೆ? ನನ್ನ ಮುಖ ನೋಡಿ ಸುಳ್ಳು ಹೇಳ್ಬೇಡ."

ಹುಡುಗಿ ಕೈಯಲ್ಲಿದ್ದ ಸೆಟ್ಟನ್ನು ಕೆಳಗಿಟ್ಟಳು. "ಅಪ್ಪನ ಜೊತೆ ಹೋಗ್ತೀನಿ ಅಂತ ಹೇಳಣಾಂತಿದ್ದೆ. ಬಟ್ಟೆನೂ ತೆಗೆದು ಇಟ್ಕೊಂಡಿದ್ದೆ."

ಟೈಪಿಸ್ಟಮ್ಮ ಮಡಿಸಿದ ಹಾಳೆಯನ್ನು ಇನ್ನೊಂದು ಸಲ ಮಡಿಸಿದಳು.

"ಆಮೇಲೆ ರಾತ್ರಿ ನೀರು ಕುಡಿಯಕ್ಕೆ ಅಂತ ಎದ್ದು ಬಂದೆ. ನೀನು ಈ ಕುರ್ಚೀಲಿ ಕೂತಿದ್ದೆ, ದೀಪ ಹಾಕದೆ. ಮಾರನೇ ದಿನವೂ ಹಾಗೇ ಕೂತಿದ್ದೆ, ಅದರ ಮಾರನೇ ದಿನವೂ. ನಾನು ಬಟ್ಟೆನೆಲ್ಲ ಮತ್ತೆ ಅಲಮಾರಿಗೆ ಇಟ್ಟೆ. ಯಾರೂ ಕೇಳ್ಲಿಲ್ಲ ಅತ್ತೆ, ಆದ್ರೆ ನಾನು ಹೇಳಿದ್ದೆ."